ಮಂಗಳವಾರದ ಟೆಸ್ಟ್ ಡ್ರೈವ್

ಮಾರ್ಚ್ 3, ಸೋಮವಾರ

ಕೆಲಸ ಸಿಕ್ಕಿತು. ಸುಳ್ಳು ಹೇಳಿದ್ದರಿಂದ ಸಿಕ್ಕಿತು.

ಕಾರು ಮಾರುವ ಶೋರೂಮ್. ಹೊರಗೆಲ್ಲ ಗಾಜು, ಒಳಗೆ ಹೊಸ ರಬ್ಬರಿನ ವಾಸನೆ. ಮ್ಯಾನೇಜರ್ ನನ್ನ ಅರ್ಜಿಯ ಮೇಲೆ ಬೆರಳಿಟ್ಟು, "ಲೈಸೆನ್ಸ್ ಇದೆ ಅಂತ ಬರ್ದಿದ್ದೀರಿ. ಗೇರ್ ಗಾಡಿ ಓಡಿಸ್ತೀರಾ?" ಎಂದು ಕೇಳಿದರು. "ಓಡಿಸ್ತೀನಿ ಸರ್" ಎಂದುಬಿಟ್ಟೆ. ಲೈಸೆನ್ಸ್ ಇರುವುದು ನಿಜ. ಹನ್ನೊಂದು ವರ್ಷದ ಹಿಂದೆ ತೆಗೆಸಿದ್ದು. ಆಮೇಲೆ ಮದುವೆಯಾಯಿತು. ಕಾರಿನ ಕೀಲಿಕೈ ಗಂಡನ ಜೇಬಿನಲ್ಲಿ, ನಾನು ಪಕ್ಕದ ಸೀಟಿನಲ್ಲಿ. ಓಡಿಸಬೇಡ ಎಂದು ಅವರೇನೂ ಹೇಳಿರಲಿಲ್ಲ. ಕೊಡಿ ಎಂದು ಕೇಳಬೇಕೆಂದು ನನಗೂ ತೋಚಿರಲಿಲ್ಲ.

ಹಳಬರೆಲ್ಲ ದೊಡ್ಡ ಕಾರುಗಳನ್ನೂ ಆಟೊಮ್ಯಾಟಿಕ್‌ಗಳನ್ನೂ ಹಂಚಿಕೊಂಡಿದ್ದಾರೆ. ನನ್ನ ಪಾಲಿಗೆ ಬಂದದ್ದು ಯಾರೂ ಕೇಳದ ಪುಟ್ಟ ಕೆಂಪು ಗೇರ್ ಕಾರು. ಎರಡೂ ಬಾಗಿಲ ಮೇಲೆ ದೊಡ್ಡದಾಗಿ ಡೆಮೊ ಎಂದು ಬರೆದಿದೆ. ಗ್ರಾಹಕರು ಓಡಿಸುತ್ತಾರೆ, ನಾನು ಪಕ್ಕದಲ್ಲಿ ಕೂತು ಮೈಲೇಜು, ಡಿಕ್ಕಿ, ವಾರಂಟಿ ಎಂದು ಹೇಳುತ್ತಿದ್ದರೆ ಸಾಕು. ಪಕ್ಕದಲ್ಲಿ ಕೂರುವುದಾದರೆ ನನಗೆ ಹನ್ನೊಂದು ವರ್ಷದ ಅನುಭವವಿದೆ.

ಅಕ್ಕ ಸಂತೋಷಪಟ್ಟಳು. ಭಾವನೂ ಸಂತೋಷಪಟ್ಟರು, ಆದರೆ ಅವರದ್ದು ಬೇರೆ ಬಗೆಯ ಸಂತೋಷ ಎನಿಸಿತು. ಅಕ್ಕನ ಮಗಳ ಓದುವ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಇವತ್ತಿಗೆ ಐದು ತಿಂಗಳು. ಹುಡುಗಿ ತನ್ನ ಮೇಜಿನ ಅರ್ಧ ಭಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದು, "ಚಿಕ್ಕಮ್ಮ, ಈ ಕಡೆ ನಿಮ್ದು" ಎಂದಿದ್ದಾಳೆ. ಆ ಅರ್ಧದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ 4, ಮಂಗಳವಾರ

ಮೊದಲ ಗ್ರಾಹಕರು. ವಯಸ್ಸು ಅರವತ್ತರ ಹತ್ತಿರ ಇರಬೇಕು. ಮುಖ ಕಾಣುವಷ್ಟು ಪಾಲಿಶ್ ಮಾಡಿದ ಶೂ, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಅಂಗಿ. "ಚಿಕ್ಕ ಗಾಡಿ ಬೇಕು. ಗೇರ್ ಇರೋದೇ ಬೇಕು" ಎಂದರು. ನನ್ನ ಅದೃಷ್ಟಕ್ಕೆ ನಾನೇ ಬೆರಗಾದೆ.

ಎಷ್ಟು ಚೆನ್ನಾಗಿ ಓಡಿಸಿದರು! ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಯಾವಾಗ ಹೋದರೋ ಗೊತ್ತೇ ಆಗಲಿಲ್ಲ. ನನ್ನ ಕೈಲಿದ್ದ ನೀರಿನ ಬಾಟಲಿಯಲ್ಲಿ ನೀರು ಅಲುಗಲಿಲ್ಲ. ನಮ್ಮ ಟೆಸ್ಟ್ ಡ್ರೈವಿಗೆ ಗೊತ್ತುಮಾಡಿದ ದಾರಿ ಇದೆ. ಅಂಚೆ ಕಚೇರಿ, ಸೇತುವೆ, ದೊಡ್ಡಾಸ್ಪತ್ರೆಯ ಏರು, ಅಲ್ಲಿಂದ ಸುತ್ತಿ ವಾಪಸ್. ಇವರು ಸೇತುವೆ ದಾಟಿದ ಮೇಲೆ, ಏರು ಇನ್ನೇನು ಶುರುವಾಗಬೇಕು ಎನ್ನುವಾಗ, ಕಾರನ್ನು ಪಕ್ಕದ ಬೀದಿಗೆ ತಿರುಗಿಸಿದರು. "ಏರಲ್ಲೇ ಸರ್ ಇದರ ಎಂಜಿನ್ ಗೊತ್ತಾಗೋದು" ಎಂದೆ, ಬಾಯಿಪಾಠ ಮಾಡಿಕೊಂಡಿದ್ದ ಮಾತು. "ಆ ಕಡೆ ಬೇಡಮ್ಮ" ಎಂದರು.

ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಹೋದರು. ಹಾಗೆಂದವರು ಯಾರೂ ಬರುವುದಿಲ್ಲ ಎಂದು ಪಕ್ಕದ ಟೇಬಲಿನವಳು ಹೇಳಿದಳು.

ಮಾರ್ಚ್ 11, ಮಂಗಳವಾರ

ಬಂದರು! ಅದೇ ಶೂ, ಅದೇ ಹೊತ್ತು, ಅದೇ ಕಾರು.

ಆದರೆ ಇವತ್ತು ನನ್ನ ಬಂಡವಾಳ ಬಯಲಾಯಿತು. ಡ್ರೈವರ್ ರಜೆ. ಹಿಂದಿನ ಅಂಗಳದಿಂದ ಕಾರನ್ನು ಬಾಗಿಲಿಗೆ ತರಲು ಮ್ಯಾನೇಜರ್ ನನಗೇ ಹೇಳಿದರು. ನಲವತ್ತು ಹೆಜ್ಜೆ ದೂರ. ಮೂರು ಸಲ ಆಫ್ ಆಯಿತು. ಮೂರನೆಯ ಸಲ ಕಪ್ಪೆಯ ಹಾಗೆ ಹಾರಿ ನಿಂತಿತು. ಗಾಜಿನ ಬಾಗಿಲು ತೆರೆದು ಮ್ಯಾನೇಜರ್ ಹುಬ್ಬು ಗಂಟಿಕ್ಕಿ ನಿಂತಿದ್ದರು. ಆಗ ಇವರು, ಯಾರೂ ಕೇಳದಿದ್ದರೂ, ಮ್ಯಾನೇಜರಿಗೆ ಕೇಳುವ ಹಾಗೆ, "ಹೊಸ ಕ್ಲಚ್ಚು, ಸ್ವಲ್ಪ ಗಡಸು. ಹೋದ ವಾರ ನನಗೂ ಹೀಗೇ ಆಯ್ತು" ಎಂದರು.

ಹೋದ ವಾರ ಇವರಿಗೆ ಒಂದು ಸಲವೂ ಹಾಗಾಗಿರಲಿಲ್ಲ.

ದಾರಿಯುದ್ದಕ್ಕೂ ಆ ವಿಷಯ ಎತ್ತಲಿಲ್ಲ. ಸೇತುವೆ ದಾಟಿದ ಮೇಲೆ ಮತ್ತೆ ಪಕ್ಕದ ಬೀದಿ. ಬೇರೆ ಕಂಪನಿಯ ಕಾರುಗಳನ್ನೂ ನೋಡುತ್ತಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಇದರಲ್ಲಿ ಏನಾದರೂ ಕೊರತೆ ಕಾಣುತ್ತಿದೆಯೇ ಎಂದೆ. "ಗಾಡೀಲಿ ಏನೂ ಕೊರತೆ ಇಲ್ಲ" ಎಂದರು. ಹಾಗಾದರೆ ಇನ್ನೇನನ್ನು ನೋಡುತ್ತಿದ್ದಾರೆ? ನನಗಾಗಿ ಸುಳ್ಳು ಯಾಕೆ ಹೇಳಿದರು? ಒಂದೂ ತಿಳಿಯುತ್ತಿಲ್ಲ.

ಮಾರ್ಚ್ 14, ಶುಕ್ರವಾರ

ನನ್ನ ಗಂಡನ ಫೋನ್ ಬಂದಿತ್ತು. ಎಂದಿನ ಮೆತ್ತನೆಯ ದನಿ. ತಿಂಗಳ ಕೊನೆಯೊಳಗೆ ಒಂದು ತೀರ್ಮಾನ ಹೇಳು, ಮನೆಗೆ ಬಣ್ಣ ಹೊಡೆಸಬೇಕು, ನೀನು ಬರುವುದಾದರೆ ನಿನ್ನ ಕಪಾಟು ಅಲ್ಲೇ ಇಡಿಸುತ್ತೇನೆ ಎಂದರು. ಕಪಾಟು ಎಲ್ಲಿರಬೇಕೆಂದು ಅವರು ಆಗಲೇ ತೀರ್ಮಾನಿಸಿದ್ದಾರೆ.

ಬೈದವರಲ್ಲ, ಹೊಡೆದವರಲ್ಲ. ನಾನು ಉಡುವ ಸೀರೆಯಿಂದ ಮಲಗುವ ಹೊತ್ತಿನವರೆಗೆ ಎಲ್ಲವನ್ನೂ ಯೋಚಿಸಿಟ್ಟಿರುತ್ತಿದ್ದರು, ಅಷ್ಟೆ. ಇದನ್ನು ಯಾರಿಗಾದರೂ ದೂರು ಎಂದು ಹೇಳಲಾದೀತೇ? ಅಕ್ಕನಿಗೆ ಹೇಳಿದಾಗ, "ಅಂಥ ಗಂಡ ನನಗೆ ಸಿಕ್ಕಿದ್ರೆ ಕಾಲು ಚಾಚ್ಕೊಂಡು ಇರ್ತಿದ್ದೆ" ಎಂದಳು. ಭಾವ ಪೇಪರಿನ ಹಿಂದಿನಿಂದ ಕೆಮ್ಮಿದರು.

ಹೋಗಬೇಕೋ ಬೇಡವೋ. ಹೋಗಬಾರದೆಂದರೆ ಯಾಕೆ ಎಂದು ಹೇಳಲು ನನ್ನ ಬಳಿ ಒಂದು ವಾಕ್ಯವೂ ಇಲ್ಲ.

ಮಾರ್ಚ್ 18, ಮಂಗಳವಾರ

ಇವತ್ತು ಅಂಚೆ ಕಚೇರಿಯ ಹತ್ತಿರವೇ ಬೇರೆ ದಾರಿ ಹಿಡಿದು, ಹಳೆಯ ಗೋದಾಮುಗಳ ಹಿಂದಿನ ಬಯಲಿಗೆ ಕಾರನ್ನು ತಂದರು. ನನಗೆ ಸ್ವಲ್ಪ ಭಯವಾಯಿತು. ಇಳಿದು ನನ್ನ ಕಡೆಯ ಬಾಗಿಲು ತೆಗೆದು, "ನೀವು ಆ ಕಡೆ ಕೂತ್ಕೊಳ್ಳಿ" ಎಂದರು.

ನನಗೆ ಬರುವುದಿಲ್ಲ ಎಂದು ಒಪ್ಪಿಕೊಂಡೆ. ಗೊತ್ತು ಎಂದರು. ಕೆಲಸ ಹೋಗುತ್ತದೆ ಎಂದೆ. ಅದಕ್ಕೇ ಕಲಿಯಿರಿ ಎಂದರು.

ಅರ್ಧ ಗಂಟೆ ಆಕ್ಸಿಲರೇಟರ್ ಮುಟ್ಟಲು ಬಿಡಲಿಲ್ಲ. ಬರೀ ಕ್ಲಚ್. ನಿಧಾನವಾಗಿ ಬಿಡುತ್ತ ಬಂದರೆ ಒಂದು ಕಡೆ ಕಾರು ಮೈ ನಡುಗಿಸುತ್ತದೆ, ಅಲ್ಲಿ ಕಾಲು ನಿಲ್ಲಿಸಬೇಕು. "ಕಣ್ಣು ಬೇಡ, ಕಿವಿ ಬೇಡ. ಪಾದಕ್ಕೆ ಗೊತ್ತಾಗುತ್ತೆ. ನೀವು ಪಾದವನ್ನ ನಂಬ್ತಾ ಇಲ್ಲ, ಅಷ್ಟೇ." ಏಳನೆಯ ಸಲಕ್ಕೋ ಎಂಟನೆಯ ಸಲಕ್ಕೋ ಕಾರು ತಾನಾಗಿ, ಬೆಕ್ಕು ಎದ್ದು ಹೊರಟ ಹಾಗೆ, ಮುಂದೆ ಹೋಯಿತು. ನಾನು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು.

ನೀವು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಿರಾ ಎಂದು ಕೇಳಿದೆ. ಇಪ್ಪತ್ತಾರು ವರ್ಷ ಆಂಬುಲೆನ್ಸ್ ಓಡಿಸುತ್ತಿದ್ದರಂತೆ. "ಹಿಂದೆ ಮಲಗಿರೋರಿಗೆ ಗೇರ್ ಬದಲಾಗಿದ್ದು ತಿಳೀಬಾರ್ದು. ಅಷ್ಟೇ ನಾನು ಕಲ್ತಿದ್ದು." ಯಾವಾಗ ನಿವೃತ್ತರಾದಿರಿ ಎಂದರೆ, ನಿವೃತ್ತಿಯಲ್ಲ, ಬಿಟ್ಟೆ ಎಂದರು. ಮುಂದೆ ಕೇಳುವ ಧೈರ್ಯವಾಗಲಿಲ್ಲ.

ಇಷ್ಟು ಬಲ್ಲವರಿಗೆ ಟೆಸ್ಟ್ ಡ್ರೈವ್ ಯಾಕೆ ಬೇಕು?

ಮಾರ್ಚ್ 20, ಗುರುವಾರ

ಮ್ಯಾನೇಜರ್ ಕರೆದರು. ಶೋರೂಮಿನಲ್ಲಿ ಎಲ್ಲರೂ ನನ್ನ ಗ್ರಾಹಕರಿಗೆ ಮಂಗಳವಾರದವರು ಎಂದು ಹೆಸರಿಟ್ಟು ನಗುತ್ತಿದ್ದಾರಂತೆ. ನನಗೆ ತಿಳಿದಿರಲಿಲ್ಲ, ನಾನೂ ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದೆ. ಮುಂದಿನ ವಾರ ಬಂದರೆ ಬುಕಿಂಗ್ ಮಾಡಿಸಬೇಕು, ಇಲ್ಲವೇ ಮರ್ಯಾದೆಯಿಂದ ಇನ್ನು ಬರಬೇಡಿ ಎನ್ನಬೇಕು. "ಇದೇನು ಜಾತ್ರೆಯ ತೊಟ್ಟಿಲಾ, ಸುಮ್ನೆ ಕೂತು ಸುತ್ತೋಕೆ?"

ಹೇಗೆ ಹೇಳಲಿ? ಅಕ್ಕನನ್ನು ಕೇಳಿದೆ. ಹೇಳಿಬಿಡು ಎಂದಳು. ಅಕ್ಕನ ಮಗಳನ್ನು ಕೇಳಿದೆ. ಹೇಳಬೇಡಿ ಎಂದಳು. ಇಬ್ಬರನ್ನು ಕೇಳಿದ್ದೇ ತಪ್ಪಾಯಿತು.

ಮಾರ್ಚ್ 25, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆದರೆ ನನಗಾದರೂ ಅರ್ಥವಾದೀತು.

ಮ್ಯಾನೇಜರ್ ಹೇಳಿದ್ದನ್ನು ಅಂಚೆ ಕಚೇರಿಯ ಹತ್ತಿರ ಹೇಗೋ ತಡವರಿಸಿಕೊಂಡು ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಸರಿ, ಹಾಗಾದ್ರೆ ಇವತ್ತು ಏರು ಹತ್ತೋಣ" ಎಂದರು.

ಸೇತುವೆ ದಾಟಿತು. ಪಕ್ಕದ ಬೀದಿಗೆ ತಿರುಗಲಿಲ್ಲ. ಏರು ಶುರುವಾಯಿತು. ಏರಿನ ನಡುವೆ, ಆಸ್ಪತ್ರೆಯ ಗೇಟಿಗೆ ಸ್ವಲ್ಪ ಕೆಳಗೆ, ಸಿಗ್ನಲ್ ಇದೆ. ಕೆಂಪು ಬಿತ್ತು. ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದರು. ಹಸಿರಾಯಿತು. ಕಾರು ಒಮ್ಮೆ ಜಗ್ಗಿ ಆಫ್ ಆಯಿತು. ಮತ್ತೆ ಶುರು ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. ನೋಡಿದರೆ ಎರಡೂ ಕೈ ಸ್ಟಿಯರಿಂಗ್ ಮೇಲೆ, ಗೆಣ್ಣುಗಳು ಬಿಳಿಚಿದ್ದವು. ಕಿವಿಯ ಪಕ್ಕದಲ್ಲಿ ಬೆವರು ಇಳಿಯುತ್ತಿತ್ತು. ಹಿಂದೆ ಸಿಮೆಂಟಿನ ಲಾರಿ, ಅದರ ಹಿಂದೆ ಊರೆಲ್ಲ ಹಾರ್ನ್.

"ಸರ್" ಎಂದೆ. ಎರಡು ಸಲ ಕರೆದೆ.

"ನನ್ನ ಕೈಲಿ ಆಗ್ತಿಲ್ಲಮ್ಮ" ಎಂದರು. ಮಗು ಹೇಳಿದ ಹಾಗಿತ್ತು.

ನಾನು ಏನು ಯೋಚಿಸಿದೆನೋ ನೆನಪಿಲ್ಲ. ಇಳಿದೆ. ಲಾರಿಯವನಿಗೆ ಕೈ ಅಡ್ಡ ಹಿಡಿದು ನಿಲ್ಲು ಎಂದೆ. ಅವರನ್ನು ತೋಳು ಹಿಡಿದು ಇಳಿಸಿ ಪಕ್ಕದ ಸೀಟಿಗೆ ಕೂರಿಸಿದೆ. ಅಷ್ಟರಲ್ಲಿ ಮತ್ತೆ ಕೆಂಪು. ಒಳ್ಳೆಯದೇ ಆಯಿತು, ಬೆಲ್ಟ್ ಹಾಕಿಕೊಳ್ಳಲು ಹೊತ್ತು ಸಿಕ್ಕಿತು. ಬಯಲಿನಲ್ಲಿ ಕಲಿತದ್ದು ಸಮತಟ್ಟು ನೆಲದ ಪಾಠ. ಏರಿನ ಪಾಠ ಆಗಿರಲಿಲ್ಲ. ಹಸಿರಾದಾಗ ಪಾದದಡಿಯಲ್ಲಿ ನಡುಕ ಬರುವವರೆಗೆ ಕಾದೆ, ಹ್ಯಾಂಡ್ ಬ್ರೇಕ್ ಬಿಟ್ಟೆ. ಒಂದು ಗೇಣು ಹಿಂದಕ್ಕೆ ಜಾರಿತು. ನನ್ನ ಜೀವವೂ ಜಾರಿತು. ಆಮೇಲೆ ಹತ್ತಿತು.

ಮೇಲೆ ಆಸ್ಪತ್ರೆಯ ಕಾಂಪೌಂಡಿನ ಪಕ್ಕ ನಿಲ್ಲಿಸಿದೆ. ಅವರು ಬಾಟಲಿಯ ನೀರನ್ನೆಲ್ಲ ಕುಡಿದು, ಎದುರಿನ ಗಾಜನ್ನೇ ನೋಡುತ್ತ ಹೇಳಿದರು. ಎರಡು ವರ್ಷದ ಹಿಂದೆ ಇದೇ ಸಿಗ್ನಲ್ಲಿನಲ್ಲಿ ಆಂಬುಲೆನ್ಸ್ ಆಫ್ ಆಗಿ ಮೂರು ನಿಮಿಷ ಶುರುವಾಗಲಿಲ್ಲ. ಹಿಂದೆ ಒಬ್ಬ ಹೆಂಗಸು ಇದ್ದಳು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಗೇಟು ಕಣ್ಣಿಗೆ ಕಾಣುತ್ತಿತ್ತು. ಆಕೆ ಉಳಿಯಲಿಲ್ಲ. ಮೂರು ನಿಮಿಷ ಮುಂಚೆ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಬ್ಯಾಟರಿಯ ದೋಷ ಎಂದು ಮೆಕ್ಯಾನಿಕ್ ಬರೆದುಕೊಟ್ಟನಂತೆ.

"ಶುರುವಾಗದೆ ಇದ್ದದ್ದು ಬ್ಯಾಟರಿ. ಸರಿ. ಮೊದಲು ಆಫ್ ಆಗಿದ್ದು ಯಾಕೆ? ನನ್ನ ಕಾಲಾ, ಗಾಡಿಯಾ? ಎರಡು ವರ್ಷ ಆಯ್ತು, ಇನ್ನೂ ಗೊತ್ತಿಲ್ಲ."

ಮಾರನೆಯ ದಿನವೇ ಕೆಲಸ ಬಿಟ್ಟರು. ತನಗೆ ಮೊಣಕಾಲು ನೋವು, ಅದಕ್ಕೇ ಬಿಟ್ಟೆ ಎಂದು ಹೆಂಡತಿಗೆ ಹೇಳಿದ್ದಾರೆ. ಈಗ ಆಕೆಗೆ ಮೂತ್ರಪಿಂಡದ ತೊಂದರೆ. ಬರುವ ಎಂಟನೇ ತಾರೀಕಿನಿಂದ ವಾರಕ್ಕೆ ಮೂರು ದಿನ ಇದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕರೆದುಕೊಂಡು ಬರಬೇಕಾದವರು ಇವರೇ.

ಆಟೊಮ್ಯಾಟಿಕ್ ತೆಗೆದುಕೊಳ್ಳಿ ಸರ್, ಅದು ಆಫ್ ಆಗುವುದೇ ಇಲ್ಲ ಎಂದೆ. ಮಾರಾಟಕ್ಕೆ ಹೇಳಿದ್ದಲ್ಲ. "ಗಾಡಿ ನಿಲ್ಲಲ್ಲಮ್ಮ. ನಾನು ನಿಂತುಬಿಡ್ತೀನಲ್ಲ" ಎಂದರು.

ಶೋರೂಮಿಗೆ ವಾಪಸು ಬಂದು, ಕೀಲಿಕೈಯನ್ನು ಹಲಗೆಗೆ ತೂಗುಹಾಕುವಾಗ ಹೊಳೆಯಿತು. ಅಲ್ಲಿಂದ ಇಲ್ಲಿಯವರೆಗೆ ಓಡಿಸಿಕೊಂಡು ಬಂದವಳು ನಾನೇ.

ಮಾರ್ಚ್ 27, ಗುರುವಾರ

ಕಾರಿಗೆ ಪೆಟ್ರೋಲ್ ಹಾಕಿಸಲು ಹೋಗಿದ್ದೆ. ಬಂಕ್ ಇರುವುದು ಕೆಳಗೆ, ಅಂಚೆ ಕಚೇರಿಯ ಪಕ್ಕ. ಏರು ಹತ್ತಿ ಇಳಿದು ಬಂದೆ. ಯಾಕೆಂದು ಗೊತ್ತಿಲ್ಲ.

ಏಪ್ರಿಲ್ 1, ಮಂಗಳವಾರ

ಬರಲಿಲ್ಲ. ಹನ್ನೊಂದಕ್ಕೆ ಒಮ್ಮೆ, ಹನ್ನೆರಡಕ್ಕೆ ಒಮ್ಮೆ ಬಾಗಿಲ ತನಕ ಹೋಗಿ ನೋಡಿದೆ. ಮ್ಯಾನೇಜರ್, "ಅಂತೂ ಬುದ್ಧಿವಂತಿಕೆಯಿಂದ ಹೇಳಿದ್ರಿ" ಎಂದು ಹೊಗಳಿದರು. ಹೊಗಳಿಕೆ ಮೈಗೆ ಹತ್ತಲಿಲ್ಲ.

ಸಂಜೆ ಅಕ್ಕ, "ಫೋನ್ ಮಾಡಿದ್ಯಾ?" ಎಂದಳು. "ಮಾಡೋಣ ಅಂದ್ಕೊಂಡೆ, ಏನಂದ್ಕೊಳ್ತಾರೋ ಅಂತ ಬಿಟ್ಟೆ. ಫಾರಮ್ಮಿನಲ್ಲಿ ನಂಬರ್ ಇದೆ" ಎಂದೆ. ಅಕ್ಕ ನನ್ನನ್ನೇ ನೋಡಿದಳು. "ಯಾರ ನಂಬರೇ? ನಿನ್ನ ಗಂಡನಿಗೆ ಫೋನ್ ಮಾಡಿದ್ಯಾ ಅಂತ ಕೇಳ್ದೆ. ನಿನ್ನೆಗೆ ತಿಂಗಳು ಮುಗೀತು."

ಮರೆತೇಹೋಗಿತ್ತು. ಆಗಲೇ ಮಾಡಿದೆ. ಕಪಾಟು ಇಡಿಸಬೇಡಿ, ನಾನು ಬರುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿಜವಾಗಿ ಗೊತ್ತಿಲ್ಲ. ಒಂದು ನಿಮಿಷವೂ ಆಗಲಿಲ್ಲ. ಅಕ್ಕ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕೂತಿದ್ದಳು. ಭಾವ ಪೇಪರ್ ಮಡಚಿಟ್ಟರು.

ಎಂಟನೇ ತಾರೀಕು ಅವರು ಹೆಂಡತಿಯನ್ನು ಹೇಗೆ ಕರೆದೊಯ್ಯುತ್ತಾರೆ?

ಏಪ್ರಿಲ್ 4, ಶುಕ್ರವಾರ

ಮನೆ ಬಾಗಿಲಿಗೇ ಟೆಸ್ಟ್ ಡ್ರೈವ್ ಎಂದು ನಮ್ಮ ಶೋರೂಮಿನ ಗೋಡೆಯ ಮೇಲೇ ಬರೆದಿದೆ. ದಿನಾ ಅದರ ಕೆಳಗೇ ಕೂರುತ್ತೇನೆ. ಇವತ್ತು ಮ್ಯಾನೇಜರ್ ಬಳಿ ಹೋಗಿ ಮಂಗಳವಾರ ಕಾರು ಬೇಕು ಎಂದೆ. ಯಾರ ಮನೆಗೆ ಎಂದು ಅವರಿಗೆ ಕೂಡಲೇ ಗೊತ್ತಾಯಿತು. ಆಗುವುದಿಲ್ಲ ಎಂದು ತಲೆ ಆಡಿಸುತ್ತಿದ್ದರು. ಆಗ ಬಾಯಿ ತಪ್ಪಿ ಇನ್ನೊಂದನ್ನೂ ಹೇಳಿಬಿಟ್ಟೆ. ಸೇರುವಾಗ ನನಗೆ ಗೇರ್ ಗಾಡಿ ಬರುತ್ತಿರಲಿಲ್ಲ, ಸುಳ್ಳು ಹೇಳಿದ್ದೆ ಎಂದು.

"ಈಗ ಬರುತ್ತಾ?"

"ಬರುತ್ತೆ ಸರ್."

"ಮತ್ತೆ ಈಗ್ಯಾಕೆ ಹೇಳ್ತಿದ್ದೀರಿ?"

"ಗೊತ್ತಿಲ್ಲ ಸರ್."

ಮಂಗಳವಾರದ ಹಾಳೆಯಲ್ಲಿ ಕೆಂಪು ಕಾರಿನ ಎದುರು ನನ್ನ ಹೆಸರು ಬರೆದರು. ಒಂದೇ ಸಲ ಎಂದರು.

ಏಪ್ರಿಲ್ 8, ಮಂಗಳವಾರ

ಫಾರಮ್ಮಿನಲ್ಲಿದ್ದ ವಿಳಾಸ ಹಿಡಿದು ಹೋದೆ, ಎರಡನೇ ಮಹಡಿಯ ಮನೆ. ಬಾಗಿಲು ತೆಗೆದದ್ದು ಅವರ ಹೆಂಡತಿ. ಕಡ್ಡಿಯಂಥ ಹೆಂಗಸು, ಕಾಲುಗಳು ಮಾತ್ರ ಊದಿಕೊಂಡಿದ್ದವು. ಆಸ್ಪತ್ರೆಗೆ ಹೊರಡಲು ಸಿದ್ಧವಾಗಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಟ್ಯಾಕ್ಸಿಗೆ ಕಾಯುತ್ತಿದ್ದರಂತೆ. ನಾನು ಯಾರೆಂದು ಹೇಳಿದಾಗ ನಕ್ಕರು. "ಮಂಗಳವಾರ ಬಂದ್ರೆ ಶೂ ಪಾಲಿಶ್ ಮಾಡ್ಕೊಂಡು ಹೋಗ್ತಿದ್ರು. ಈ ವಯಸ್ಸಲ್ಲಿ ಇನ್ನೊಂದು ಸಂಸಾರ ಹೂಡಿದ್ರೇನೋ ಅಂದ್ಕೊಂಡಿದ್ದೆ."

ಅವರು ಒಳಗಿನಿಂದ ಬಂದು ನನ್ನನ್ನು ನೋಡಿ ಅಲ್ಲೇ ನಿಂತರು. ಮೊಣಕಾಲು ನೋವು ಎಂದು ಶುರು ಮಾಡಿದರು.

"ಮೊಣಕಾಲು ನೋವಿರೋರು ಮೆಟ್ಟಿಲು ಎರಡೆರಡು ಹತ್ತುತ್ತಾರಾ?" ಎಂದರು ಆಕೆ. "ಅವತ್ತು ನಿಮ್ಮ ಜೊತೆ ಗಾಡೀಲಿದ್ದ ನರ್ಸ್ ಮಾರನೇ ದಿನವೇ ಮನೆಗೆ ಬಂದು ಎಲ್ಲ ಹೇಳಿದ್ಲು. ನೀವೇ ಹೇಳ್ತೀರಿ ಅಂತ ಎರಡು ವರ್ಷ ಕಾದೆ. ಈಗ ನಡೀರಿ, ಹೊತ್ತಾಯ್ತು."

ಟ್ಯಾಕ್ಸಿ ಬೇಡವೆಂದು ಹೇಳಿ ಮೂವರೂ ಇಳಿದೆವು, ಕೀಲಿಕೈಯನ್ನು ಅವರ ಕೈಗೆ ಕೊಟ್ಟೆ. ಆಕೆ ಹಿಂದೆ ಕೂತರು, ನಾನು ಮುಂದೆ ಪಕ್ಕದ ಸೀಟಿನಲ್ಲಿ. ಅವರು ಸ್ಟಿಯರಿಂಗ್ ಹಿಡಿಯುವ ಮೊದಲು ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಸೇತುವೆ ದಾಟಿತು. ಏರು. ಸಿಗ್ನಲ್ ಹಸಿರಾಗಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಕೆಂಪೇ ಬಿತ್ತು. ಹಸಿರಾದಾಗ ಕಾರು ಜಗ್ಗಿತು, ಆಫ್ ಆಯಿತು. ನಾನು ಬೆಲ್ಟಿಗೆ ಕೈ ಹಾಕಿದೆ.

"ಆಫ್ ಆಯ್ತು" ಎಂದರು ಅವರು.

"ಆದ್ರೆ ಆಗ್ಲಿ" ಎಂದರು ಆಕೆ ಹಿಂದಿನಿಂದ. "ನಾನೇನೂ ಈಗ್ಲೇ ಸಾಯ್ತಿಲ್ಲ. ಶುರು ಮಾಡಿ."

ಹಾರ್ನ್ ಕೇಳಿಸುತ್ತಿತ್ತು. ಅವರು ಕಣ್ಣು ಮುಚ್ಚಿ ತೆಗೆದರು. ಕೀಲಿ ತಿರುಗಿಸಿದರು. ಕಾರು ಕೂಡಲೇ ಶುರುವಾಗಿ, ಒಂದು ಬೆರಳಿನಷ್ಟೂ ಹಿಂದೆ ಜಾರದೆ ಹತ್ತಿತು. ಗೇಟಿನೊಳಗೆ ನಿಲ್ಲಿಸಿದ ಮೇಲೂ ಅವರು ಇಳಿಯಲಿಲ್ಲ. ಆಕೆ ಹಿಂದಿನಿಂದ ಕೈ ಚಾಚಿ ಅವರ ಭುಜದ ಮೇಲಿಟ್ಟರು. ನಾನು ಹೊರಗೆ ಹೋಗಿ ನಿಂತೆ.

ನಾಲ್ಕು ಗಂಟೆ ಬೇಕಾಯಿತು. ಮ್ಯಾನೇಜರ್ ಎರಡು ಸಲ ಫೋನ್ ಮಾಡಿದರು, ಗ್ರಾಹಕರು ಇನ್ನೂ ನೋಡುತ್ತಿದ್ದಾರೆ ಎಂದೆ. ಮಧ್ಯಾಹ್ನ ಅವರು ಕಾಯುವ ಕೋಣೆಯಿಂದ ಬಂದು ಬುಕಿಂಗ್ ಫಾರಂ ಇದೆಯೇ ಎಂದು ಕೇಳಿದರು. ಬಾನೆಟ್ಟಿನ ಮೇಲಿಟ್ಟು ತುಂಬಿದರು. ಬಣ್ಣದ ಜಾಗದಲ್ಲಿ ಪೆನ್ನು ನಿಂತಿತು. ಅವಳನ್ನು ಕೇಳಿಕೊಂಡು ಬರುತ್ತೇನೆ ಎಂದು ಒಳಗೆ ಹೋಗಿ ಬಂದು ನೀಲಿ ಎಂದು ಬರೆದರು. ಅಂತೂ ಕಾರು ಮಾರಿದೆ. ಸಂತೋಷವಾಗಬೇಕಿತ್ತು. ಆಯಿತೋ ಇಲ್ಲವೋ, ಅಳು ಬಂದಂತಾಯಿತು.

ಹೊರಗೆ ಬರುವಾಗ ಆಕೆ ಪೂರ್ತಿ ಸೋತಿದ್ದರು. ಅವರು ಆಕೆಯ ಜೊತೆ ಹಿಂದೆ ಕೂತು, "ನೀವೇ ಓಡಿಸಿಬಿಡಿ ಅಮ್ಮ" ಎಂದರು.

ಇಳಿಜಾರು, ಸೇತುವೆ, ಅವರ ಬೀದಿ. ಮನೆಯ ಮುಂದೆ ನಿಧಾನ ಮಾಡಿ ಕನ್ನಡಿಯಲ್ಲಿ ನೋಡಿದೆ. ಆಕೆ ಅವರ ತೋಳಿಗೆ ಒರಗಿ ನಿದ್ದೆ ಹೋಗಿದ್ದರು. ಅವರೂ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಬೇಕೋ ಬೇಡವೋ ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ಮನೆ ದಾಟಿ ಹೋಗಿತ್ತು. ಬೀದಿಯ ಕೊನೆಯಲ್ಲಿ ತಿರುಗಿಸಿ, ಇನ್ನೊಂದು ಸುತ್ತು ಹೊರಟೆ.